ಸೊಟ್ಟಾದ ಕುರ್ಪಿ, ಕಂಬಾರನ ಬಾಕಿ

(ನವಲಗುಂದ ತಾಲೂಕಿನ ಹಳ್ಳಿಯೊಂದರಲ್ಲಿ ಹಿಂಗಾರಿ ಬಿತ್ತಿಗೆಗೆ ಮುಂಚೆ ಕೂಡಿದ ರೈತರ ಸಭೆಯಲ್ಲಿ ಆಡಿದ ಮಾತು. ಆಡಿದ್ದನ್ನೇ ಸ್ವಲ್ಪ ತಿದ್ದಿ ಬರೆದು ಕೊಟ್ಟಿದ್ದೇನೆ.)



ಇವತ್ತು ನಾನು ಬರಿಗೈಯಲ್ಲಿ ಬಂದಿಲ್ಲ. ಒಂದು ಗೋಣಿಚೀಲ ಹೊತ್ತುಕೊಂಡು ಬಂದೀನಿ. ನಿಮ್ಮ ಮುಂದೆ ಸುರುವುತ್ತೇನೆ, ನೋಡ್ರಿ. ಒಂಬತ್ತು ಕುರ್ಪಿ, ಎರಡು ಕುಡಗೋಲು, ಎಡಿಕುಂಟಿಯ ಎರಡು ಕುಡ, ಸೈಕಲ್ ಕುಂಟಿಯ ಒಂದು ಪಟ್ಟಿ. ಇದರಾಗ ಒಂದೂ ನೆಟ್ಟಗಿಲ್ಲ. ಇವು ಬ್ಯಾರೆಯವರ ಮನೆಯವಲ್ಲ, ನನ್ನ ಮನೆಯ ಅಟ್ಟದ ಮೇಲೆ ಹತ್ತು ವರ್ಷದಿಂದ ಕೂಡಿ ಬಿದ್ದವು. ನಗಬ್ಯಾಡ್ರಿ. ನಿಮ್ಮ ಅಟ್ಟಕ್ಕೂ ಒಮ್ಮೆ ನಿಚ್ಚಣಿಕಿ ಹಚ್ಚಿ ನೋಡ್ರಿ.

ನಾವು ಸಭೆ ಸೇರಿದರೆ ಕಡ್ಲಿ ಬೆಲೆ ಮಾತಾಡುತ್ತೇವೆ, ಬೆಳೆವಿಮೆ ಮಾತಾಡುತ್ತೇವೆ, ಬ್ಯಾಂಕಿನ ನೋಟೀಸು ಮಾತಾಡುತ್ತೇವೆ. ಮಾತಾಡಲೇಬೇಕು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಗೋಲಿಬಾರು ಆಗಿ ರೈತರ ಜೀವ ಹೋದದ್ದು ಯಾತಕ್ಕೆ? ಮಲಪ್ರಭಾ ಕಾಲುವೆಯ ಹೆಸರಿನಲ್ಲಿ ಹೇರಿದ ಕರದ ಲೆಕ್ಕ ಕೇಳಿದ್ದಕ್ಕೆ. ಲೆಕ್ಕ ಕೇಳುವ ಸೀಮೆ ನಮ್ಮದು. ಸರಕಾರಕ್ಕೆ ಕೇಳಿದ ಹಾಗೆ ನಮಗೆ ನಾವೂ ಕೇಳಿಕೊಳ್ಳಬೇಕಲ್ಲ? ಇವತ್ತು ಈ ಚೀಲದ ಲೆಕ್ಕ ಕೇಳೋಣ.

ಹೋದ ವರ್ಷ ಕಡ್ಲಿ ಹೊಲದಾಗ ಕರಿಕಿ ತೆಗೆಸುತ್ತಿದ್ದೆ. ಎರಿ ಹೊಲದ ಕರಿಕಿ ನಿಮಗೆ ಗೊತ್ತೇ ಐತಿ. ಮೇಲೆ ನಾಲ್ಕು ಎಳಿ, ಕೆಳಗೆ ಮೊಳದುದ್ದ ಬೇರು. ಕುರ್ಪಿ ಹೊಕ್ಕಿಸಿ ಮೀಟದ ಹೊರತು ಅದು ಬರುವುದಿಲ್ಲ. ಹತ್ತು ಮಂದಿ ಆಳು ಹೆಣ್ಮಕ್ಕಳು ಬಂದಿದ್ದರು. ಕುರ್ಪಿ ಅವರವರೇ ತಂದುಕೊಂಡದ್ದು, ಅದು ನಮ್ಮ ಕಡೆಯ ರೂಢಿ. ಅವರಲ್ಲಿ ಒಬ್ಬಾಕಿ ನನಗಿಂತ ಹದಿನೈದು ವರ್ಷ ಹಿರಿಯಳು. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಉಳಿದಿದ್ದಳು. "ಯಾಕಬೇ ಯವ್ವಾ, ಕೈ ನಿಂತಾವಲ್ಲ?" ಅಂದೆ. "ಕೈ ನಿಂತಿಲ್ಲೋ ಯಪ್ಪಾ, ಕುರ್ಪಿ ಮಾರಿ ಆ ಕಡೆ ತಿರುವೈತಿ" ಅಂದಳು. ನೋಡಿದರೆ ಕುತ್ತಿಗೆಯ ಹತ್ತಿರ ಅಲಗು ಸೊಟ್ಟಾಗಿ ಮಣಿದಿತ್ತು.

ನಾನು ದೊಡ್ಡ ಶಾಣ್ಯಾನಂಗ ಅದನ್ನು ಇಸಿದುಕೊಂಡು ಬದುವಿನ ಗಡಿಕಲ್ಲಿನ ಮೇಲೆ ಇಟ್ಟೆ. ಇನ್ನೊಂದು ಕಲ್ಲು ತಗೊಂಡು ಬಡಿದೆ. ಎರಡೇಟಿಗೆ ಏನೂ ಆಗಲಿಲ್ಲ, ಪುಟಿದು ಹಿಂದಕ್ಕೇ ಬಂತು. ಮೂರನೆಯದನ್ನು ಸಿಟ್ಟಿನಿಂದ ಹಾಕಿದೆ. ಟಣ್ ಅಂತ ಮುರಿಯಿತು. ಹಾರಿದ ತುಂಡು ಆಕಿಯ ಕಿವಿಯ ಪಕ್ಕದಾಗ ಹಾದು ಸೆರಗು ಹರಿದುಕೊಂಡು ಹೋಯಿತು. ಎರಡು ಬೆರಳು ಈಚೆ ಬಂದಿದ್ದರೆ ಕಣ್ಣೇ ಹೋಗುತ್ತಿತ್ತು. ಆಕಿ ಏನೂ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು ಬರಿಗೈಯಿಂದ ಕಸ ಕೀಳಲಿಕ್ಕೆ ಹತ್ತಿದಳು. ಬೈದಿದ್ದರೆ ಚಲೋ ಇತ್ತು.

ಮರುದಿನ ಸಂತಿಯಾಗ 90 ರೂಪಾಯಿ ಕೊಟ್ಟು ಆಕಿಗೆ ಹೊಸ ಕುರ್ಪಿ ತಂದುಕೊಟ್ಟೆ. ಹಸಿರು ಬಣ್ಣ ಬಳಿದದ್ದು, ಕಣ್ಣಿಗೆ ಚಂದ. ಎರಡನೆಯ ದಿನಕ್ಕೆ ಅದೂ ಮಣಿಯಿತು. ಆಗ ಎರಡನ್ನೂ ಹಿಡಿದುಕೊಂಡು ನಮ್ಮೂರ ಕಂಬಾರ ಕಾಕಾನ ಮನೆಗೆ ಹೋದೆ. ಅವನ ಕುಲಮಿ ಮುಂದೆ ನಾನು ಕೂತು ಎಷ್ಟೋ ವರ್ಷ ಆಗಿತ್ತು.

ಕಾಕಾಗೆ ಈಗ 76 ವಯಸ್ಸು. ಅವನು ಮಾತಾಡಲಿಲ್ಲ, ಮೊದಲು ಬಡಿದು ನೋಡಿದ. ಮುರಿದ ಕುರ್ಪಿಯನ್ನು ಅಡಿಗಲ್ಲಿನ ಮೇಲೆ ತಟ್ಟಿದ, ಗಂಟಿ ಹಾಂಗ ಟಿಣ್ ಅಂದಿತು. ಹೊಸದನ್ನು ತಟ್ಟಿದ, ಥಪ್ ಅಂದಿತು. "ಇದು ಲಾರಿ ಪಾಟಾದ್ದು, ಇದು ಬರೇ ತಗಡಿಂದು. ಪಾಟಾದ್ದು ಒಮ್ಮೆ ಮಣೀತಂದ್ರ ಆ ಜಾಗಾ ನೊಂದಿರತೈತಿ ತಮ್ಮಾ. ಥಣ್ಣಗಿದ್ದಾಗ ಬಡಿದಿ, ಮುರೀತು. ತಗಡಿಂದು ಸಾವಿರ ಸಲ ನೆಟ್ಟಗ ಮಾಡು, ಸಾವಿರ ಸಲ ಮಣೀತೈತಿ" ಅಂದ.

ಬಂಧುಗಳೆ, ನಾನು ಎಸ್ಸೆಸ್ಸೆಲ್ಸಿ ತನಕ ಓದಿದವ. ಕಾಕಾ ಹೇಳಿದ್ದನ್ನು ಆಮೇಲೆ ಓದಿ, ಕೇಳಿ ತಾಳೆ ಹಾಕಿಕೊಂಡಿದ್ದೇನೆ. ಲಾರಿಯ ಕೆಳಗೆ ಭಾರ ಹೊರುವ ಪಾಟಾ ಅಂದರೆ ಸ್ಪ್ರಿಂಗಿನ ಉಕ್ಕು. ಅದರಾಗ ನೂರಕ್ಕೆ ಸುಮಾರು ಅರ್ಧ ಭಾಗದಿಂದ 0.6 ಭಾಗದ ತನಕ ಇಂಗಾಲ ಇರುತ್ತದೆ, ಜೊತೆಗೆ ಸಿಲಿಕಾನೋ ಕ್ರೋಮಿಯಮ್ಮೋ ಬೆರೆತಿರುತ್ತದೆ. ಸಾದಾ ಕಬ್ಬಿಣದಾಗ ಇಂಗಾಲ ಕಾಲು ಭಾಗಕ್ಕಿಂತ ಕಡಿಮೆ. ಅಷ್ಟು ಕಡಿಮೆ ಇದ್ದರೆ ಕಾಸಿ ಅದ್ದಿದರೂ ಅದು ಗಟ್ಟಿಯಾಗುವುದಿಲ್ಲ. ಹದ ಹಿಡಿಯುವುದು ಉಕ್ಕು ಮಾತ್ರ.

ಇಲ್ಲಿ ಒಂದು ಮಾತು ನನಗೇ ಆಶ್ಚರ್ಯ ಮಾಡಿತು. ಉಕ್ಕಿನ ಕುರ್ಪಿ ಕಡಿಮೆ ಬಾಗುತ್ತದೆ, ತಗಡಿನದು ಜಾಸ್ತಿ ಬಾಗುತ್ತದೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಒಂದೇ ದಪ್ಪ, ಒಂದೇ ಅಗಲ ಇದ್ದರೆ, ಒಂದೇ ಜೋರು ಹಾಕಿದಾಗ ಎರಡೂ ಹೆಚ್ಚುಕಡಿಮೆ ಅಷ್ಟೇ ಬಾಗುತ್ತವೆ. ಫರಕು ಇರುವುದು ಬಿಟ್ಟ ಮೇಲೆ. ಉಕ್ಕು ಬಹಳ ದೂರ ಬಾಗಿಯೂ ತನ್ನ ಜಾಗಕ್ಕೆ ಮರಳುತ್ತದೆ, ತಗಡು ಸ್ವಲ್ಪ ಬಾಗಿದರೂ ಹಾಗೇ ಉಳಿಯುತ್ತದೆ. ಆದ್ದರಿಂದ ಕುರ್ಪಿ ಬಾಗಬಾರದು ಅಂತಿದ್ದರೆ ದಪ್ಪ ಬೇಕು, ಬಾಗಿದ್ದು ಮರಳಬೇಕು ಅಂತಿದ್ದರೆ ಹದ ಬೇಕು. ಕರಿಕಿ ತೆಗೆಯುವ ಕುರ್ಪಿಗೆ ಎರಡೂ ಬೇಕು, ಕುತ್ತಿಗೆಯ ಹತ್ತಿರ ದಪ್ಪ, ಅಂಚಿಗೆ ತೆಳುವು. ಸಂತಿಯ ಕುರ್ಪಿ ನೋಡ್ರಿ, ಮೇಲಿಂದ ಕೆಳತನಕ ಒಂದೇ ತಗಡು.

ಪಾಟಾದ ಕುರ್ಪಿಯೇ ಸೊಟ್ಟಾಯಿತು ಅಂದರೆ ಕಾರಣ ಮೂರರಾಗ ಒಂದು. ನೀವು ಅದನ್ನು ಹಾರಿ ಹಾಂಗ ಕಲ್ಲು ಎಬ್ಬಿಸಲಿಕ್ಕೆ ಹಾಕಿದ್ದೀರಿ. ಇಲ್ಲವೆ ಅದನ್ನು ಮಾಡಿದವನು ಹದ ಕೊಟ್ಟೇ ಇಲ್ಲ, ಬರೇ ಬಡಿದು ಹಿಡಿ ಹಾಕಿ ಕೊಟ್ಟಿದ್ದಾನೆ. ಇಲ್ಲವೆ ಆಮೇಲೆ ಯಾರೋ ಹದ ಕೆಡಿಸಿದ್ದಾರೆ. ಈ ಮೂರನೆಯದು ಈಗ ಬಹಳ ಆಗಿದೆ. ಕರೆಂಟಿನ ಸಾಣಿ ಮಶೀನಿಗೆ ಅಲಗು ಒತ್ತಿ ಹಿಡಿದು ಕಿಡಿ ಹಾರಿಸುತ್ತಾರೆ, ಅಂಚು ನೀಲಿ ದಾಟಿ ಬೂದಿ ಬಣ್ಣಕ್ಕೆ ಬರುತ್ತದೆ. ಬೂದಿ ಬಣ್ಣ ಬಂತೆಂದರೆ ಅಷ್ಟು ಜಾಗ ಮೆತ್ತಗಾಯಿತು ಅಂತಲೇ ತಿಳಿಯಿರಿ. ಹೊಲದ ಕಸ ಸುಡುವಾಗ ಕುಡಗೋಲಿನಿಂದ ಬೆಂಕಿ ಕೆದರುತ್ತೇವಲ್ಲ, ಅದೂ ಇದೇ ತಪ್ಪು.

ಹಾಗಾದರೆ ಸೊಟ್ಟಾದದ್ದನ್ನು ನೆಟ್ಟಗೆ ಮಾಡುವುದು ಹೆಂಗ?

ಬಾಗು ಉದ್ದಕ್ಕೆ ಮೆಲ್ಲಗೆ ಇದ್ದರೆ, ಅಂದರೆ ಬಿಲ್ಲಿನ ಹಾಂಗ ಇದ್ದರೆ, ಮನೆಯಲ್ಲೇ ಮಾಡಬಹುದು. ಒಂದು ದಪ್ಪ ಕಟ್ಟಿಗೆ ತುಂಡಿನಲ್ಲಿ ಗರಗಸದಿಂದ ಸೀಳು ಮಾಡಿರಿ. ಅಲಗನ್ನು ಒಲೆಯ ಮೇಲೆ ದೂರ ಹಿಡಿದು ಬೆಚ್ಚಗೆ ಮಾಡಿರಿ. ಒಂದು ಹನಿ ನೀರು ಹಾಕಿದರೆ ಚುರ್ ಅನ್ನಬೇಕು, ಅಷ್ಟೇ. ಬಣ್ಣ ತಿರುಗಬಾರದು. ಸೀಳಿನಲ್ಲಿ ಸಿಗಿಸಿ ಮೆಲ್ಲಗೆ ಒತ್ತಬೇಕು, ಬಡಿಯಬಾರದು. ನೆಟ್ಟಗಾಗುವ ತನಕ ಒತ್ತಿದರೆ ಸಾಲದು, ಉಕ್ಕು ಹಿಂದಕ್ಕೆ ಪುಟಿಯುತ್ತದೆ. ಸ್ವಲ್ಪ ಆಚೆ ತನಕ ಒತ್ತಿ ಬಿಟ್ಟು ನೋಡಬೇಕು, ಮತ್ತೆ ಒತ್ತಬೇಕು. ಎದುರಿಗೆ ಹುಡುಗರನ್ನು ನಿಲ್ಲಿಸಬ್ಯಾಡ್ರಿ. ನನ್ನ ಕಥಿ ಈಗ ಕೇಳಿದಿರಲ್ಲ.

ಬಾಗು ಮುರುಕಲಾಗಿ ಒಂದೇ ಗೆರೆಯಲ್ಲಿ ಮಡಿಚಿದ್ದರೆ ಅದು ಕುಲಮಿಯ ಕೆಲಸ. ಕಾಕಾ ಮಾಡುವುದನ್ನು ನಾನು ಮೂರು ದಿನ ಕೂತು ನೋಡಿದ್ದೇನೆ. ಮೊದಲು ಬಿರುಕು ಐತೇನು ಅಂತ ನೋಡುತ್ತಾನೆ. ಮಡಿಚಿದ ಜಾಗಕ್ಕೆ ಡೀಸೆಲ್ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಒಣಗಿದ ಅರಿವೆಯಿಂದ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸುತ್ತಾನೆ. ಬಿರುಕು ಇದ್ದರೆ ಒಳಗಿನ ಎಣ್ಣಿ ಮೇಲೆ ಬಂದು ಸುಣ್ಣದಾಗ ಕೂದಲಿನಂಥ ಗೆರೆ ಮೂಡುತ್ತದೆ. ಗೆರೆ ಕಂಡರೆ ಮುಂದೆ ಮಾತಿಲ್ಲ, ಅಷ್ಟು ಭಾಗ ಕತ್ತರಿಸಿ ಒಗೆಯುತ್ತಾನೆ.

ಬಿರುಕಿಲ್ಲದಿದ್ದರೆ ಜಾಲಿ ಇದ್ದಲಿಯ ಬೆಂಕಿಗೆ ಹಾಕಿ ಕೆಂಪು ಬಂದಾಗ ಬಡಿಯುತ್ತಾನೆ, ಕೆಂಪು ಮಂಕಾದ ಕೂಡಲೇ ಕೈ ಬಿಟ್ಟು ಮತ್ತೆ ಬೆಂಕಿಗೆ ಹಾಕುತ್ತಾನೆ. "ಕರ್ರಗಾದ ಮ್ಯಾಲ ಬಡಿದ್ರ ಒಳಗ ಬಿರಿತೈತಿ." ನೆಟ್ಟಗಾದ ಮೇಲೆ ಬಹಳ ಮಂದಿ ಕೆಲಸ ಮುಗಿಯಿತು ಅಂತ ತಿಳಿಯುತ್ತಾರೆ. ಅಲ್ಲೇ ತಪ್ಪುವುದು! ಬೆಂಕಿಯಲ್ಲಿ ಹಳೆಯ ಹದವೆಲ್ಲಾ ಹೋಗಿರುತ್ತದೆ. ಹಾಗೇ ಹಿಡಿ ಹಾಕಿಕೊಂಡು ಬಂದರೆ ಅದು ಪಾಟಾದ ಉಕ್ಕಾಗಿದ್ದರೂ ಸಂತಿಯ ತಗಡಿನ ಹಾಂಗ ಮಣಿಯುತ್ತದೆ. ಮತ್ತೆ ಒಂದೇ ಸಮ ಕಾಸಬೇಕು. ಎಷ್ಟು ಅಂದರೆ ಅಯಸ್ಕಾಂತ ಹಿಡಿದರೆ ಅಂಟಬಾರದು, ಅದಕ್ಕೂ ತುಸು ಮೇಲೆ. ಅಯಸ್ಕಾಂತ ಬಿಡುವ ಕಾವು ಸುಮಾರು 770 ಡಿಗ್ರಿ, ಪಾಟಾದ ಉಕ್ಕಿಗೆ ಬೇಕಾದದ್ದು 850ರ ಸುಮಾರು. ಆಮೇಲೆ ನೀರಿಗಲ್ಲ, ಎಣ್ಣಿಗೆ ಅದ್ದಬೇಕು. ತೆಳು ಪಾಟಾ ನೀರಿಗೆ ಬಿದ್ದರೆ ಸೀಳುವುದೇ ಹೆಚ್ಚು. ಕಾಕಾ ಕರಿದುಳಿದ ಸೇಂಗಾ ಎಣ್ಣಿ ಇಟ್ಟಿದ್ದಾನೆ, ಕಬ್ಬಿಣದ ಡಬ್ಬಿಯಾಗ, ಪಕ್ಕದಲ್ಲೇ ಮುಚ್ಚಳ. ಎಣ್ಣಿಗೆ ಬೆಂಕಿ ಹತ್ತಿದರೆ ಮುಚ್ಚಲಿಕ್ಕೆ.

ಎಣ್ಣಿಯಿಂದ ತೆಗೆದಾಗ ಅದು ಗಾಜಿನಷ್ಟು ಬಿರುಸು. ಅರ ಹಾಕಿ ಉಜ್ಜಿದರೆ ಜಾರುತ್ತದೆ. ಹಾಗೇ ಹೊಲಕ್ಕೆ ಒಯ್ದರೆ ಮೊದಲ ಕಲ್ಲಿಗೇ ಚೂರು. ಅದಕ್ಕೆ ಕಲ್ಲಿನ ಮೇಲೆ ತಿಕ್ಕಿ ಹೊಳಪು ಬರಿಸಿ, ಬೆನ್ನಿನ ಕಡೆಯಿಂದ ಮೆಲ್ಲಗೆ ಮತ್ತೆ ಕಾಸುತ್ತಾನೆ. ಆಗ ನೋಡಬೇಕು ಬಣ್ಣದ ಓಟ! ಮೊದಲು ಜೋಳದ ದಂಟಿನ ಹಳದಿ, ಆಮೇಲೆ ಕಂದು, ಆಮೇಲೆ ಬದನಿಕಾಯಿ ಬಣ್ಣ, ಕಡೆಗೆ ನೀಲಿ. ಕುತ್ತಿಗೆಗೆ ನೀಲಿ ಬಂದು ಅಂಚಿಗೆ ಬದನಿಕಾಯಿ ಬಣ್ಣ ಮುಟ್ಟಿತೋ, ತೆಗೆದ. ಇದಕ್ಕೆ ಗಡಿಯಾರ ಇಲ್ಲ, ಮೀಟರಿಲ್ಲ, ಕಣ್ಣೇ ಎಲ್ಲ. ಬಿಸಿಲಿನಲ್ಲಿ ಬಣ್ಣ ತಿಳಿಯುವುದಿಲ್ಲ ಅಂತಲೇ ಕುಲಮಿ ನೆರಳಿನಾಗ ಇರುವುದು. ಇದು ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು.

ವೆಲ್ಡಿಂಗ್ ಮಾಡಿಸಿದರೆ ಆಗದೇನು ಅಂತ ಕೇಳುವವರಿದ್ದೀರಿ. ಊರಿಗೊಂದು ವೆಲ್ಡಿಂಗ್ ಅಂಗಡಿ ಐತಿ, ಹತ್ತು ನಿಮಿಷದ ಕೆಲಸ. ಆದರೆ ಪಾಟಾದ ಉಕ್ಕಿಗೆ ಥಣ್ಣಗೆ ವೆಲ್ಡಿಂಗ್ ಹಾಕಿದರೆ ಹೊಲಿಗೆ ಗಟ್ಟಿ ಇರುತ್ತದೆ, ಅದರ ಪಕ್ಕದ ಗೆರೆ ಬಿರುಸಾಗಿ ಅಲ್ಲೇ ಮುರಿಯುತ್ತದೆ. ಮುರಿದ ಕುಡ ನೋಡ್ರಿ, ಯಾವಾಗಲೂ ಹೊಲಿಗೆಯ ಬಾಜೂಕೇ ಮುರಿದಿರುತ್ತದೆ. ಕುಂಟಿಯ ತಾಳು ಸಾದಾ ಕಬ್ಬಿಣದ್ದು, ಅದಕ್ಕೆ ವೆಲ್ಡಿಂಗ್ ನಡೆಯುತ್ತದೆ. ಕುಡಕ್ಕೆ ಬೇಡ.

ಯಾವುದನ್ನು ರಿಪೇರಿ ಮಾಡಿಸದೆ ಬದಲಿಸಬೇಕು? ಒಂದೇ ಜಾಗದಲ್ಲಿ ಎರಡು ಸಲ ಮಣಿದು ಎರಡು ಸಲ ನೆಟ್ಟಗಾದದ್ದು, ಬಿರುಕು ಬಿದ್ದದ್ದು, ಸವೆದು ಅಗಲದಲ್ಲಿ ಅರ್ಧಕ್ಕೆ ಬಂದದ್ದು. ಕಲಘಟಗಿ ಕಡೆ ಮಸಾರಿ, ಗರಸು ನೆಲ ಇರುವವರಿಗೆ ಮಣಿಯುವುದಕ್ಕಿಂತ ಸವೆಯುವುದೇ ದೊಡ್ಡ ಕಾಟ. ಅವರು ಅಂಚಿಗೆ ಇನ್ನೂ ಸ್ವಲ್ಪ ಬಿರುಸು ಹದ ಕೇಳಬೇಕು. ನಮ್ಮ ಎರಿ ಹೊಲದಾಗ ಕಲ್ಲು ಕಡಿಮೆ, ಮೀಟುವ ಜೋರು ಹೆಚ್ಚು, ನಮಗೆ ಕುತ್ತಿಗೆ ಗಟ್ಟಿ ಬೇಕು. ಕಂಬಾರನ ಮುಂದೆ ಒಗೆದು ಬರುವುದಲ್ಲ, ಯಾವ ನೆಲಕ್ಕೆ, ಯಾವ ಕಸಕ್ಕೆ ಅಂತ ಹೇಳಿ ಬರಬೇಕು. ಹೊಸದಕ್ಕೆ ಪಾಟಾ ತರುವಾಗ, ಮುರಿದ ಜಾಗದ ಹತ್ತಿರದ್ದು ತರಬ್ಯಾಡ್ರಿ. ಲಕ್ಷಾಂತರ ಸಲ ಕುಣಿದ ಉಕ್ಕು ಅದು, ಅಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತವೆ.

ಈಗ ಲೆಕ್ಕಕ್ಕೆ ಬರೋಣ. ನನ್ನ ಮನೆಯ ಲೆಕ್ಕ, ನಿಮ್ಮದು ನೀವು ಹಾಕಿಕೊಳ್ಳಿರಿ. ಸಂತಿಯ ಕುರ್ಪಿ 90 ರೂಪಾಯಿ, ವರ್ಷಕ್ಕೆ ಮೂರು ಬೇಕು. ನಾಲ್ಕು ವರ್ಷಕ್ಕೆ ಹನ್ನೆರಡು ಕುರ್ಪಿ, 1,080 ರೂಪಾಯಿ. ಕಾಕಾನ ಪಾಟಾದ ಕುರ್ಪಿ 200. ವರ್ಷಕ್ಕೆ ಒಮ್ಮೆ ನೆಟ್ಟಗೆ ಮಾಡಿಸಲಿಕ್ಕೆ 30, ಎರಡು ಸಲ ಹಣಿಸಲಿಕ್ಕೆ 40. ನಾಲ್ಕು ವರ್ಷಕ್ಕೆ ಎಲ್ಲಾ ಸೇರಿ 480. ಒಂದು ಕುರ್ಪಿಗೆ 600 ರೂಪಾಯಿ ಉಳಿಯಿತು. ಇದು ದೊಡ್ಡದಲ್ಲ ಅನ್ನುತ್ತೀರಿ, ಒಪ್ಪಿದೆ. ದೊಡ್ಡದು ಮುಂದೈತಿ. ಹತ್ತು ಆಳಿಗೆ 300ರಂತೆ ದಿನಕ್ಕೆ 3,000 ಕೂಲಿ ಕೊಡುತ್ತೀರಿ, ಎಂಟು ತಾಸಿನ ಕೆಲಸ. ಮೊಂಡ ಕುರ್ಪಿ, ಸೊಟ್ಟ ಕುರ್ಪಿಯಿಂದ ಒಬ್ಬೊಬ್ಬರದು ಒಂದು ತಾಸು ಹೋದರೆ ದಿನಕ್ಕೆ 375 ರೂಪಾಯಿ ಮಣ್ಣುಪಾಲು. ಎಂಟು ದಿನ ಕಸ ತೆಗೆಸಿದರೆ ಒಂದು ಪೂರಾ ದಿನದ ಕೂಲಿ ಹೋಯಿತು. ನಾವು ಆಳು ಕೆಲಸ ಮಾಡುವುದಿಲ್ಲ ಅಂತ ಕಟ್ಟೆಗೆ ಕೂತು ಬೈಯುತ್ತೇವೆ. ಆಕಿಯ ಮುಂಗೈ ನೋವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಕುರ್ಪಿ ಆಕಿಯದು, ಹೊಲ ನಮ್ಮದು, ಕಸ ನಮ್ಮದು. ಹಣಿಸುವ ಖರ್ಚು ಹೊಲದವನೇ ಕೊಡಬೇಕು ಅಂತ ನಾನು ನಿಕ್ಕಿ ಮಾಡಿಕೊಂಡಿದ್ದೇನೆ. ಇದಕ್ಕೆ ಕೆಲವರು ಮುಖ ಸಿಂಡರಿಸುತ್ತಿದ್ದೀರಿ, ಕಾಣಿಸುತ್ತದೆ ನನಗೆ.

ಇನ್ನು ಸಾಲದ ಮಾತು. ಕಿಸಾನ್ ಕ್ರೆಡಿಟ್ ಕಾರ್ಡ್ 1998ರಲ್ಲಿ ಬಂತು. ಅದರ ಮಿತಿ ಹೆಂಗ ಕಟ್ಟುತ್ತಾರೆ, ಎಂದಾದರೂ ಕೇಳಿದ್ದೀರೇನು? ರಿಸರ್ವ್ ಬ್ಯಾಂಕಿನ ಲೆಕ್ಕದ ಪ್ರಕಾರ ಬೆಳೆಯ ಖರ್ಚಿನ ಮೇಲೆ ನೂರಕ್ಕೆ 10 ಮನೆಖರ್ಚು ಮತ್ತು ಸುಗ್ಗಿಯ ನಂತರದ ಖರ್ಚಿಗೆ, ನೂರಕ್ಕೆ 20 ಒಕ್ಕಲುತನದ ಸಾಮಾನಿನ ರಿಪೇರಿ, ನಿರ್ವಹಣೆಗೆ ಅಂತ ಕೂಡಿಸುತ್ತಾರೆ. ಬೆಳೆಗೆ ಒಂದು ಲಕ್ಷ ಅಂತ ಆದರೆ ರಿಪೇರಿ ಹೆಸರಿನಲ್ಲಿ ಇಪ್ಪತ್ತು ಸಾವಿರ. ನಾವು ಆ ಇಪ್ಪತ್ತು ಸಾವಿರದಾಗ ಇಪ್ಪತ್ತು ರೂಪಾಯಿ ಕುಲಮಿಗೆ ಕೊಟ್ಟೇವೇನು? ಅದು ಗೊಬ್ಬರದ ಅಂಗಡಿಗೆ ಹೋಯಿತು, ಮದುವೆಗೆ ಹೋಯಿತು, ಹಳೆಯ ಬಡ್ಡಿಗೆ ಹೋಯಿತು. ತಿರುಗಿ ಕಟ್ಟುವಾಗ ಮಾತ್ರ ಆ ಇಪ್ಪತ್ತು ಸಾವಿರವೂ ನಮ್ಮ ತಲೆಯ ಮೇಲೇ ಇರುತ್ತದೆ.

ಬ್ಯಾಂಕಿನ ಬಾಕಿ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಕಂಬಾರನ ಬಾಕಿ ಎಲ್ಲೂ ಬರೆದಿಲ್ಲ. ನಮ್ಮ ಅಪ್ಪ ಸುಗ್ಗಿಯಾಗ ಕಣದ ಮೇಲೆ ಕಂಬಾರನಿಗೆ, ಬಡಿಗನಿಗೆ ಆಯದ ಜೋಳ ಅಳೆದು ಕೊಟ್ಟ ಮೇಲೆಯೇ ರಾಶಿ ಮನೆಗೆ ತರುತ್ತಿದ್ದ. ಆಯದ ಕಾಲ ಸತ್ಯಯುಗ ಅಂತ ನಾನು ಹೇಳುವುದಿಲ್ಲ. ಕಂಬಾರ ಕಣದ ಅಂಚಿಗೆ ನಿಂತು ಕಾಯಬೇಕಿತ್ತು, ಅಳೆಯುವ ಕೈ ಒಕ್ಕಲಿಗನದು, ಬರ ಬಿದ್ದರೆ ಮೊದಲು ಕಡಿತ ಆಗುತ್ತಿದ್ದುದು ಅವನ ಪಾಲಿಗೆ. ನಾನೂ ಅದನ್ನೇ ಮಾಡಿದೆ. 2001ರಿಂದ ಮೂರು ವರ್ಷ ಒಂದರ ಹಿಂದೆ ಒಂದು ಬರ ಬಿತ್ತಲ್ಲ, ಆಗ ಕಾಕಾಗೆ ಹೇಳಿದೆ, ಈ ಸಲ ಆಗೂದಿಲ್ಲ ಕಾಕಾ, ಮಳಿ ಆಗಲಿ ನೋಡೂಣು ಅಂತ. ಮಳಿ ಆಯಿತು. ಆಯ ಮತ್ತೆ ಸುರು ಆಗಲಿಲ್ಲ. ಅಷ್ಟರಾಗ ನಾನು ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರಿಗೆ ಹತ್ತಿದ್ದೆ. ಕಾಕಾ ಒಮ್ಮೆಯೂ ಕೇಳಲಿಲ್ಲ. ಅವನ ಮಗ ಹುಬ್ಬಳ್ಳಿಗೆ ಹೋಗಿ ಗ್ಯಾರೇಜಿನಾಗ ಸೇರಿದ. ಅಲ್ಲಿ ಏನು ಕೆಲಸ ಗೊತ್ತೇನು? ಲಾರಿ ಪಾಟಾ ಬದಲಿಸುವುದು. ನಮ್ಮೂರ ಕುರ್ಪಿಗೆ ಬೇಕಾದ ಉಕ್ಕನ್ನು ದಿನಾ ಬಿಚ್ಚಿ ಗುಜರಿಗೆ ಹಾಕುತ್ತಾನೆ.

ನನ್ನ ಸೂಚನೆ ಇಷ್ಟು. ನಲವತ್ತು ಮನೆಯವರು ಮನೆಗೆ 500 ರೂಪಾಯಿ ಮುಂಗಡ ಕೊಟ್ಟರೆ ಇಪ್ಪತ್ತು ಸಾವಿರ ಆಗುತ್ತದೆ. ಇದು ದಾನ ಅಲ್ಲ. ನೆಟ್ಟಗೆ ಮಾಡುವ, ಹಣಿಸುವ ಕೂಲಿಯಲ್ಲಿ ಮುರಿದುಕೊಳ್ಳುವುದು, ಕೆಲಸ ಕಡಿಮೆ ಬಿದ್ದರೆ ಹಿಂದಕ್ಕೆ ಕೇಳುವುದಿಲ್ಲ. ವಹಿಯಲ್ಲಿ ಬರೆದು ಇಡೋಣ, ಕಾಕಾನ ಹತ್ತಿರ ಒಂದು, ನಮ್ಮ ಹತ್ತಿರ ಒಂದು. ಮಗನ ಜೊತೆ ಮಾತಾಡಿದ್ದೇನೆ. ಗ್ಯಾರೇಜಿನ ಒಂದು ದಿನದ ಪಗಾರ ಇಲ್ಲಿ ಸಿಗುವುದಾದರೆ ಸೋಮವಾರಕ್ಕೊಮ್ಮೆ ಬಂದು ಅಪ್ಪನ ಕೈಕೆಳಗೆ ಬಣ್ಣ ನೋಡುವುದನ್ನು ಕಲಿಯುತ್ತೇನೆ, ಪಾಟಾ ತುಂಡೂ ತರುತ್ತೇನೆ ಅಂದಿದ್ದಾನೆ. ಸೋಮವಾರ ಹೆಂಗೂ ನಾವು ಎತ್ತು ಹೂಡುವುದಿಲ್ಲ.

ಇನ್ನೊಂದು. ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ಕ್ಕೆ ಸುರು ಮಾಡಿದ ಪಿಎಂ ವಿಶ್ವಕರ್ಮ ಯೋಜನೆಯಾಗ ಹದಿನೆಂಟು ಕಸುಬು ಅವೆ, ಕಂಬಾರಿಕೆಯೂ ಒಂದು. ಸಾಮಾನು ಕೊಳ್ಳಲಿಕ್ಕೆ 15,000 ರೂಪಾಯಿ, ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷ ಸಾಲ, ಬಡ್ಡಿ ನೂರಕ್ಕೆ 5. ಒಂದು ಮನೆಗೆ ಒಬ್ಬರು ಮಾತ್ರ. ಅರ್ಜಿಯ ಮೊದಲ ತನಿಖೆ ಗ್ರಾಮ ಪಂಚಾಯಿತಿಯಲ್ಲೇ ಆಗುತ್ತದೆ. ಅಂದರೆ ಇಲ್ಲಿ ಕೂತಿರುವ ಮೆಂಬರರ ಕೈಯಾಗ ಐತಿ. ಸಾಲ ತಗೋ ಅಂತ ನಾನು ಕಾಕಾಗೆ ಹೇಳುವುದಿಲ್ಲ. ಈ ವಯಸ್ಸಿನಾಗ ಅವನಿಗೆ ಬ್ಯಾಂಕಿನ ಬಾಗಿಲು ತೋರಿಸುವ ಪಾಪ ನನಗೆ ಬೇಡ. ಆದರೆ 15,000ಕ್ಕೆ ಗಾಳಿ ಊದುವ ಮಶೀನು, ಹೊಸ ಇಕ್ಕಳ ಬರುತ್ತವೆ. ತಿದಿ ಒತ್ತಲಿಕ್ಕೆ ಅವನಿಗೆ ಈಗ ತೋಳಿನಲ್ಲಿ ಕಸುವಿಲ್ಲ.

ಬರುವ ಸೋಮವಾರದಿಂದ ಕುಲಮಿ ಹಚ್ಚುತ್ತಾನೆ. ಕಸ ತೆಗೆಯುವ ದಿನ ಮುಂಜಾನೆ ಓಡಿಬಂದು ಈಗಲೇ ಬೇಕು ಅನ್ನಬ್ಯಾಡ್ರಿ, ಅವಸರದಾಗ ಹದ ಬರುವುದಿಲ್ಲ. ಹಿಡಿಗೆ ಬಣ್ಣದ ದಾರ ಕಟ್ಟಿ ತರ್ರಿ. ಹೋದ ಸಲ ಒಂದೇ ಕುರ್ಪಿಗೆ ಎರಡು ಮನೆಯವರು ಜಗಳ ತೆಗೆದಿದ್ದರು. ಕರಿದ ಎಣ್ಣಿ ಉಳಿದಿದ್ದರೆ ಒಗೆಯದೆ ಕೊಟ್ಟು ಕಳಿಸ್ರಿ. ಇದ್ದಲಿ ಎರಡು ಚೀಲ ನಾನು ತರುತ್ತೇನೆ. ಮೂರನೆಯ ಚೀಲ ಯಾರದು, ಈಗಲೇ ಹೇಳ್ರಿ, ಬರೆದುಕೊಳ್ಳುತ್ತೇನೆ.